ಕಮಲಾಪುರದಲ್ಲಿ ಕುಡಿಸಿದ ಸರಾಯಿ

ನಿಜಾಮನ ರಾಜ್ಯದ ಮೇಲಿನ ಪೊಲೀಸ್ ಆಕ್ಷನ್ ಮುಗಿದ ಮರುಬೇಸಿಗೆ. ಧಾರವಾಡದಿಂದ ನಾನು ಕಲಬುರ್ಗಿಯ ಆಸ್ಪತ್ರೆಗೆ ಲೇಡಿ ಡಾಕ್ಟರಾಗಿ ಬಂದು ಕೆಲವೇ ತಿಂಗಳಾಗಿದ್ದವು. ಕಮಲಾಪುರದಲ್ಲಿ ಇಬ್ಬರು ಬಡಿಗರಿಗೆ ಒಮ್ಮೆಗೇ ಕಣ್ಣು ಮಂಜಾಗಿದೆ ಎಂಬ ಸುದ್ದಿ ಬಂದಾಗ ಕಳಿಸಲು ಬೇರೆ ಯಾರೂ ಇರಲಿಲ್ಲ. ನಾನೇ ಹೊರಟೆ.

ಬೆಳಿಗ್ಗೆ ಹುಮನಾಬಾದಿನ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಕಲ್ದಾರ ರೂಪಾಯಿಯನ್ನು, ಬ್ರಿಟಿಷರ ನಾಣ್ಯವನ್ನು, ತಿರುಗಿಸಿ ನೋಡಿ, "ಹಾಲಿ ಸಿಕ್ಕಾ ಇಲ್ಲೇನ್ರಿ?" ಎಂದು ನಿಜಾಮನ ನಾಣ್ಯ ಕೇಳಿದ. ದಾರಿ ಇಪ್ಪತ್ತು ಮೈಲಿಗೂ ಮಿಕ್ಕಿತ್ತು. ಅಷ್ಟು ದೂರವೂ ನನ್ನ ಪಕ್ಕದ ಸೀಟು ಖಾಲಿಯೇ ಉಳಿಯಿತು. ಗಂಡಸರು ನಿಂತುಕೊಂಡೇ ಬಂದರು. ಕರಿನೆಲ ಹೋಗಿ ಕೆಂಪು ಮಣ್ಣು ಬಂತು, ಬಾಳೆ ತೋಟಗಳು ಕಂಡವು. ಬಿಸಿಗಾಳಿಗೆ ತುಟಿ ಒಡೆದಿತ್ತು.

ನಾನು ಇಳಿಯುವಷ್ಟರಲ್ಲೇ ಒಬ್ಬ ಬಡಿಗ ತೀರಿಕೊಂಡಿದ್ದ. ಇನ್ನೊಬ್ಬ, ಮಲ್ಲಪ್ಪ, ಹೊರಸಿನ ಮೇಲೆ ಏದುಸಿರು ಬಿಡುತ್ತ ಮಲಗಿದ್ದ. ಅವನ ಹೆಂಡತಿ ಶಾಂತಮ್ಮ ನಡೆದದ್ದನ್ನು ಹೇಳಿದಳು. ಬಾಗಿಲಿಗೆ ಪಾಲಿಶ್ ಹಚ್ಚಲು ತಂದಿದ್ದ ಕಾರ್ಖಾನೆಯ ಸ್ಪಿರಿಟನ್ನು ಇಬ್ಬರೂ ಕುಡಿದಿದ್ದರು. ಮರುದಿನ ಮುಂಜಾನೆ ನೆಟ್ಟಗೇ ಇದ್ದು ಕೆಲಸಕ್ಕೂ ಹೋಗಿದ್ದರು. ಮಧ್ಯಾಹ್ನ ಕಣ್ಣು ಕತ್ತಲಿಟ್ಟಿತು.

ಆ ಸ್ಪಿರಿಟು ಒಳಹೋದಾಗ ಬರೀ ಅಮಲು ತರುತ್ತದೆ. ಯಕೃತ್ತಿನ ಕಿಣ್ವವೊಂದು ಅದನ್ನು ಒಡೆಯಲು ಹೋಗಿ ವಿಷ ಮಾಡುತ್ತದೆ. ಕೊನೆಗೆ ಹುಟ್ಟುವ ಆಮ್ಲ ಕಣ್ಣಿನ ನರವನ್ನು ಕೆಡಿಸುತ್ತದೆ. ಆದರೆ ಸರಾಯಿ ಸಿಕ್ಕರೆ ಅದೇ ಕಿಣ್ವ ಮೊದಲು ಸರಾಯಿಯನ್ನು ಹಿಡಿಯುತ್ತದೆ. ಅಷ್ಟರಲ್ಲಿ ಸ್ಪಿರಿಟು ಉಸಿರಿನಲ್ಲಿ, ಮೂತ್ರದಲ್ಲಿ ಹೊರಹೋಗುತ್ತದೆ.

"ಸರಾಯಿ ತರಸು ತಂಗಿ" ಎಂದೆ.

ಶಾಂತಮ್ಮ ಕೊರಳಿನ ಲಿಂಗ ಮುಟ್ಟಿಕೊಂಡಳು. "ಕುಡದೇ ಹಿಂಗಾಗ್ಯಾರ. ಮತ್ತ ಕುಡಸ್ತೀರೇನ್ರಿ ಬಾಯಾರ? ನಮ್ಮ ಮನ್ಯಾಗ ಅದು ಬ್ಯಾಡ್ರಿ."

"ಒಳಗ ವಿಷ ಇನ್ನೂ ತಯಾರಾಗಾಕತ್ತದ. ಅದನ್ನ ತಡಿಲಿಕ್ಕೆ ನನ್ನ ಹತ್ರ ಬ್ಯಾರೆ ಔಷಧ ಇಲ್ಲ."

ಆಕೆ ಗೋಡೆಗೆ ಮುಖ ಮಾಡಿ ಕುಳಿತಳು. ತರಲು ನೆಂಟರಾರೂ ಏಳಲಿಲ್ಲ. ನಾನೇ ಸಂತೆ ಬೀದಿ ದಾಟಿ ಸರಾಯಿ ಅಂಗಡಿಗೆ ನಡೆದೆ. ಜನ ಮಾತು ನಿಲ್ಲಿಸಿ ನೋಡಿದರು. ಅಂಗಡಿಯವನು ತಲೆಯೆತ್ತದೆ ಬಾಟಲಿ ಮುಂದಿಟ್ಟ.

ಗಳಿಗೆಗೊಮ್ಮೆ ಸರಾಯಿಯನ್ನು ನೀರು ಬೆರೆಸಿ ಕೊಟ್ಟೆ, ನಡುನಡುವೆ ಆಮ್ಲ ತಗ್ಗಿಸಲು ಸೋಡಾ ಪುಡಿ ಕದಡಿದ ನೀರು. ನನ್ನ ಕೈ ಸೋತಾಗ ಶಾಂತಮ್ಮ ಎದ್ದು ಬಂದು, ಲೋಟ ತೆಗೆದುಕೊಂಡು ತಾನೇ ಕುಡಿಸತೊಡಗಿದಳು. ಮರುದಿನ ಸಂಜೆಗೆ ಅವನ ಉಸಿರು ಹದಕ್ಕೆ ಬಂತು. ಬಾಗಿಲ ಬೆಳಕು ಕಾಣುತ್ತದೆ ಎಂದ. ಹೆಂಡತಿಯ ಮುಖ ಕಾಣಲಿಲ್ಲ. ಮುಂದೆಯೂ ಕಾಣಲಿಕ್ಕಿಲ್ಲ ಎಂದು ನಾನು ಆಕೆಗೆ ಹೇಳಬೇಕಾಯಿತು.

ಮೂರನೆಯ ದಿನ ಬಸ್ಸಿನ ತನಕ ಶಾಂತಮ್ಮ ಕಳಿಸಲು ಬಂದಳು. "ಜೀವ ಉಳಿಸಿದ್ರಿ" ಎಂದಳು. ಆಮೇಲೆ ಸೆರಗು ಬಾಯಿಗಿಟ್ಟು, "ನಾ ಕುಡಿಸಿದ್ದು ಯಾರ ಮುಂದೂ ಹೇಳಬ್ಯಾಡ್ರಿ ಬಾಯಾರ."

ಹೇಳುವುದಿಲ್ಲ ಎಂದೆ. ಆ ಸಂಜೆ ಕಲಬುರ್ಗಿಯ ಕೋಣೆಯ ಬೀಗ ತೆಗೆದು, ಒಲೆ ಹೊತ್ತಿಸಿ, ಒಬ್ಬಳಿಗೆ ಬೇಕಾದಷ್ಟು ಅನ್ನಕ್ಕಿಟ್ಟೆ. ಕೊಟ್ಟ ಮಾತು ಉಳಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ.