ತಂಗಿಯನ್ನು ಪಾಪನಿವೇದನೆಗೆ ಕರೆದೊಯ್ದ ಶನಿವಾರ

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದು ನಾಚಾರಂನ ಒಂದು ಔಷಧಿ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಸೇರಿದೆ. ಅಪ್ಪ ಅವ್ವ ತೀರಿಕೊಂಡಿದ್ದರು. ಹತ್ತು ವರ್ಷ ಚಿಕ್ಕವಳಾದ ತಂಗಿಯನ್ನು ಬೆಳೆಸಿದ್ದು ನಾನೇ.

ಕಾರ್ಖಾನೆಯಲ್ಲಿ ನನ್ನನ್ನು ಯಾರೂ ಗುರುತಿಸುತ್ತಿರಲಿಲ್ಲ. ಚರ್ಚಿನಲ್ಲಿ ಮಾತ್ರ ನನಗೊಂದು ಜಾಗವಿತ್ತು. ಬಲಿಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವ ಸೇವೆ ನನ್ನದು. ಪೂಜೆಯ ಪಾತ್ರೆ ಒರೆಸಿದ ಬಟ್ಟೆಯ ಮೊದಲ ನೀರನ್ನು ಮೋರಿಗೆ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು. ಅಷ್ಟು ಪವಿತ್ರ ಅದು. ನಾನು ದಾಸವಾಳದ ಬುಡಕ್ಕೆ ಹಾಕುತ್ತಿದ್ದೆ. ಇಸ್ತ್ರಿ ಮಾಡಿದ್ದನ್ನು ಫಾದರ್ ಮನೆಗೆ ಕೊಟ್ಟು ಬರುವುದು ತಂಗಿಯ ಕೆಲಸವಾಗಿತ್ತು.

ಆಗ ಅವಳಿಗೆ ಹತ್ತೊಂಬತ್ತು. ತಾರ್ನಾಕದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಳು. ಓಣಿಯ ಹುಡುಗ ಹುಡುಗಿಯರೆಲ್ಲ ಮಾದಾಪುರದ ಕಂಪ್ಯೂಟರ್ ಆಫೀಸುಗಳ ಮಾತೇ ಆಡುತ್ತಿದ್ದ ಕಾಲ ಅದು. ಅವಳಿಗೆ ಆ ಸೀಟು ಕೊಡಿಸಿದ್ದೂ ಫಾದರೇ, ಪತ್ರ ಬರೆದುಕೊಟ್ಟು.

ಒಂದು ದಿನ ಬಟ್ಟೆಯ ಗಂಟು ಕೈಗೆ ಕೊಟ್ಟರೆ ಅವಳು ತೆಗೆದುಕೊಳ್ಳಲಿಲ್ಲ.

"ಅಕ್ಕಾ, ನಾ ಹೋಗಂಗಿಲ್ಲ."

"ಯಾಕ, ಕಂಪ್ಯೂಟರ್ ಕಲತು ಮೇಡಂ ಆದೇನು?"

"ಫಾದರ್ ಚಲೋ ಇಲ್ಲ. ಬಾಗಲಾ ಹಾಕಿ ಮೈ ಮುಟ್ಟಿದ್ರು. ಎರಡು ಸಲ ಆತು."

ನಾನು ಅವಳ ಕೆನ್ನೆಗೆ ಹೊಡೆದೆ. ಏನಾಯಿತು ಎಂದು ಕೇಳಲೂ ಇಲ್ಲ. ನನ್ನ ತಲೆಯಲ್ಲಿ ಓಡಿದ್ದು ಎರಡೇ: ಸೀಟು ಕೊಡಿಸಿದವರ ಮೇಲೆ ಇಂಥ ಮಾತೇ? ಜನಕ್ಕೆ ಗೊತ್ತಾದರೆ ನನ್ನ ಸೇವೆ ಉಳಿದೀತೇ? ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಆ ಶನಿವಾರ. ಗುರುಗಳ ಮೇಲೆ ಕೆಟ್ಟ ಮಾತಾಡಿದ್ದು ಪಾಪ, ಪಾಪನಿವೇದನೆ ಮಾಡು ಎಂದು ಅವಳ ಕೈ ಹಿಡಿದು ಚರ್ಚಿಗೆ ಎಳೆದುಕೊಂಡು ಹೋದೆ. ಪಾಪಗಳನ್ನು ಕೇಳಿ ಕ್ಷಮೆ ಕೊಡುವವರು ಫಾದರ್, ನಮ್ಮ ಚರ್ಚಿಗೆ ಇದ್ದದ್ದು ಅವರೊಬ್ಬರೇ.

"ಅವರ ಹತ್ರಾನ?" ಎಂದಳು ತಂಗಿ, ಬಾಗಿಲಲ್ಲೇ ನಿಂತು.

"ಅಲ್ಲಿ ಕುಂತಾಗ ಅವರು ಯೇಸುಸ್ವಾಮಿ ಜಾಗದಾಗ ಇರ್ತಾರ. ಮನಷಾ ಅಂತ ತಿಳೀಬ್ಯಾಡ" ಎಂದೆ. ಚಿಕ್ಕವಳಿದ್ದಾಗ ನನಗೆ ಕಲಿಸಿದ್ದನ್ನೇ ಹೇಳಿದೆ.

ಅವಳು ಹೋಗಿ ಮೊಣಕಾಲೂರಿದಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಜಪಸರ ತಿರುವುತ್ತಿದ್ದೆ. ಬೇಗನೆ ಎದ್ದು ಬಂದಳು.

"ಏನು ಪ್ರಾಯಶ್ಚಿತ್ತ ಕೊಟ್ರು?"

"ಹತ್ತು ನಮೋ ಮರಿಯಾ" ಎಂದಳು. ಆದರೆ ಕೂತು ಆ ಜಪ ಹೇಳಲಿಲ್ಲ, ನೇರ ಹೊರಗೆ ನಡೆದಳು.

ಕೋರ್ಸ್ ಮುಗಿದದ್ದೇ ಮಾದಾಪುರದಲ್ಲಿ ಕೆಲಸ ಹಿಡಿದು ಹಾಸ್ಟೆಲ್ ಸೇರಿದಳು. ಕ್ರಿಸ್ಮಸ್ಸಿಗೆ ಬಂದರೂ ಪೂಜೆಗೆ ಬರುತ್ತಿರಲಿಲ್ಲ. ಕೇಳಿದವರಿಗೆ ನಾನು "ಶಿಫ್ಟ್ ಐತ್ರಿ" ಎನ್ನುತ್ತಿದ್ದೆ. ಆ ಫಾದರಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಎಷ್ಟೋ ಸಲ ಪಾಪನಿವೇದನೆ ಮಾಡಿದೆ. ಸಿಟ್ಟು, ಸುಳ್ಳು, ತಪ್ಪಿದ ಉಪವಾಸ ಎಲ್ಲ ಹೇಳಿದೆ. ಇದೊಂದನ್ನು ಹೇಳಲಿಲ್ಲ.

ವರ್ಷಗಳು ಕಳೆದ ಮೇಲೆ ಎಲ್ಲೆಲ್ಲಿಂದಲೋ ಚರ್ಚಿನ ಗುರುಗಳ ಇಂಥ ಸುದ್ದಿಗಳು ಟಿವಿಯಲ್ಲಿ ಬರತೊಡಗಿದವು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಮ್ಮ ಕಡೆಯವರಲ್ಲೂ ಅದೇ ಮಾತು. "ನಮ್ಮ ಚರ್ಚಿನ ಮ್ಯಾಲೆ ಹೊಟ್ಟಿಕಿಚ್ಚು ಇವ್ರಿಗೆ" ಎಂದರು ಒಬ್ಬರು. "ಟಿವಿ ಬಂದ್ ಮಾಡ್ರಿ, ಎಲ್ಲಾ ಸರಿ ಆಕ್ಕೈತಿ" ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊಸದಾಗಿ ಬಂದಿದ್ದ ವಯಸ್ಸಾದ ಫಾದರ್ ಮಾತ್ರ ನಗಲಿಲ್ಲ. ಮುಂದಿನ ಭಾನುವಾರ ಪೂಜೆಯಲ್ಲೇ ತೆಲುಗಿನಲ್ಲಿ ಹೇಳಿದರು: ಯಾರಿಗಾದರೂ ಗುರುಗಳಿಂದ ಅನ್ಯಾಯವಾಗಿದ್ದರೆ, ಅದನ್ನು ಕಂಡವರು, ಕೇಳಿದವರು ಇದ್ದರೆ ಬಂದು ಹೇಳಬೇಕು, ಒಬ್ಬ ಸಿಸ್ಟರ್ ಮತ್ತು ಒಬ್ಬ ವಕೀಲೆ ಕೂತು ಬರೆದುಕೊಳ್ಳುತ್ತಾರೆ. ಕೇಳಿದವರು ಎಂದರೆ ನಾನೇ.

ಮನೆಗೆ ಬಂದು ತಂಗಿಗೆ ಫೋನ್ ಮಾಡಿದೆ. ಫಾದರ್ ಪೂಜೆಯಲ್ಲಿ ಹೇಳಿದ್ದನ್ನು ತಿಳಿಸಿದೆ.

"ನಾ ಹೋದ ತಿಂಗಳೇ ಬಿಷಪ್ ಆಫೀಸಿಗೆ ಬರದು ಕೊಟ್ಟೀನಕ್ಕಾ. ಆ ಫಾದರ್ ಈಗ ಆ ಊರಾಗ ಹುಡುಗ್ಯಾರ ಹಾಸ್ಟೆಲ್ ನೋಡ್ಕೋತಾರಂತ. ಸುಮ್ನ ಇರಾಕ ಆಗಲಿಲ್ಲ. ಆವಾಗ ಯಾರಿಗರೆ ಹೇಳಿದ್ದೇನು ಅಂತ ಕೇಳ್ಯಾರ."

"ನೀ ಏನಂದಿ?"

"ಇನ್ನೂ ಏನೂ ಅಂದಿಲ್ಲ. ನಿನ್ನ ಹೆಸರು ಕೊಟ್ರ ನಿನ್ನ ಬಟ್ಟಿ ಸೇವಾ ಹೋಗ್ತೈತಿ."

ಕೆನ್ನೆಗೆ ಹೊಡೆದವಳ ಸೇವೆಯನ್ನು ಅವಳು ಅಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು. "ಕೊಡು. ನಾ ಬರ್ತೀನಿ" ಎಂದೆ.

ಸಿಸ್ಟರ್ ಮಂಗಳೂರಿನ ಕಡೆಯವರು. ನಾನು ಹೇಳಿದ್ದನ್ನು ಕನ್ನಡದಲ್ಲೇ ಬರೆದುಕೊಂಡರು. ತಂಗಿ ಪಕ್ಕದಲ್ಲಿ ಕುಳಿತಿದ್ದಳು. ಹೊಡೆದದ್ದು ಹೇಳಿದೆ. ಕೈ ಹಿಡಿದು ಅದೇ ಮನುಷ್ಯನ ಮುಂದೆ ಮೊಣಕಾಲೂರಿಸಿದ್ದನ್ನು ಎರಡು ಸಲ ಹೇಳಲು ಶುರು ಮಾಡಿ ನಿಲ್ಲಿಸಿದೆ. ಸಿಸ್ಟರ್ ಪೆನ್ನು ಕೆಳಗಿಟ್ಟು, "ನೀರು ಕುಡೀರಿ ಅಕ್ಕಾ, ಅವಸರ ಇಲ್ಲ" ಎಂದರು. ಆ ಸಿಸ್ಟರನ್ನು ನಾನು ಮರೆಯುವುದಿಲ್ಲ.

"ಹತ್ತು ನಮೋ ಮರಿಯಾ ಕೊಟ್ರು" ಎಂದು ನಾನು ಹೇಳಿದಾಗ ತಂಗಿ ತಡೆದಳು.

"ಅದು ಸುಳ್ಳು ಅಕ್ಕಾ. ಅವ್ರು ಕೊಟ್ಟ ಪ್ರಾಯಶ್ಚಿತ್ತ, ಇದನ್ನ ಇನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ ಅನ್ನೋದು. ನೀ ಹಿಂದ ಕುಂತಿದ್ದಿ, ನಿನಗ ಹೆಂಗ ಹೇಳ್ಲಿ?"

ಸಿಸ್ಟರ್ ಅದನ್ನೂ ಬರೆದರು. ನಾನು ಕೆಳಗೆ ಸಹಿ ಮಾಡಿದೆ, ಅಕ್ಷರ ಸೊಟ್ಟಗಾಯಿತು.

ಆ ಫಾದರನ್ನು ಹಾಸ್ಟೆಲಿನಿಂದ ತೆಗೆದರು. ತಂಗಿ ಪೊಲೀಸರಿಗೂ ದೂರು ಕೊಟ್ಟಳು. ಅಲ್ಲಿಯೂ ನಾನು ಹೋಗಿ ಹೇಳಿದೆ. ಕೇಸು ಇನ್ನೂ ನಡೆಯುತ್ತಿದೆ. ಅಂಗಳದಲ್ಲಿ ಕೆಲವರು ನನ್ನನ್ನು ಮಾತಾಡಿಸುವುದು ಬಿಟ್ಟರು. ಬಟ್ಟೆಯ ಸೇವೆ ಬಿಡುತ್ತೇನೆ ಎಂದು ನಾನೇ ಹೇಳಿದಾಗ, ವಯಸ್ಸಾದ ಫಾದರ್ ಆ ವಾರದ ಗಂಟನ್ನು ತಾವೇ ತಂದು ನನ್ನ ಕೈಗೆ ಕೊಟ್ಟರು.

ಸಿಸ್ಟರ್ ಮುಂದೆ ಸಹಿ ಮಾಡಿ ಹೊರಗೆ ಬಂದ ದಿನ, ತಂಗಿ ಸ್ಕೂಟಿ ಚಾಲು ಮಾಡುವಾಗ ಕೇಳಿದೆ: "ನನಗೇನು ಪ್ರಾಯಶ್ಚಿತ್ತ ಕೊಡ್ತಿ?"

"ನಾ ಏನು ಫಾದರ್ ಏನು?" ಎಂದು ನಕ್ಕಳು. ಎಷ್ಟೋ ವರ್ಷದ ಮೇಲೆ ನನ್ನ ಮುಂದೆ ನಕ್ಕಿದ್ದಳು. ಆಮೇಲೆ ಹೆಲ್ಮೆಟ್ ಹಾಕಿಕೊಳ್ಳುತ್ತಾ, "ಭಾನುವಾರ ಮಾದಾಪುರಕ್ಕ ಬಾ. ವಾರದ ಬಟ್ಟಿ ಎಲ್ಲಾ ಹಂಗೇ ಬಿದ್ದೈತಿ. ನನ್ನವೂ ಒಂದೀಟು ಇಸ್ತ್ರಿ ಮಾಡಿಕೊಡು" ಎಂದಳು.

ಭಾನುವಾರ ಪೂಜೆ ಮುಗಿಸಿ ಹೋದೆ. ಆರು ಕುರ್ತಾ ಇದ್ದವು. ಬಲಿಪೀಠದ ಬಟ್ಟೆಗೆ ಮಾಡುವಂತೆಯೇ ಅಂಚು ಅಂಚಿಗೆ ಕೂಡಿಸಿ ಮಡಚಿ ಅವಳ ಮಂಚದ ಮೇಲೆ ಇಟ್ಟೆ. ಅವಳು ಚಹಾ ಮಾಡಿಕೊಟ್ಟಳು.