ಸೋಮಧೀರನ ನಕ್ಷತ್ರ

“ಸೋಮಧೀರನ ನಕ್ಷತ್ರ ಎಂತದೇ? ಭಟ್ರು ಕೇಳ್ತಿದ್ದಾರೆ, ಬೇಗ ಹೇಳು!” ಮುರ್ಡೇಶ್ವರದ ದೇವಸ್ಥಾನದಿಂದ ಅತ್ತೆ ಫೋನಿನಲ್ಲಿ ಅವಸರಪಡಿಸಿದಾಗ ನನ್ನ ಕೈಯಲ್ಲಿದ್ದ ಸೌಟು ಬೀಳುವುದೊಂದು ಬಾಕಿ.

ಸೋಮಧೀರ ನಮ್ಮ ನೆಂಟನಲ್ಲ. ಮಧ್ಯಾಹ್ನ ಅತ್ತೆ ಬಲೆಯ ಹರಕು ಹೊಲಿಯುವಾಗ ನಾನು ಗಟ್ಟಿಯಾಗಿ ಓದಿ ಹೇಳುವ ಫ್ಯಾಂಟಸಿ ಕಾದಂಬರಿ ಮಾಲೆಯ ನಾಯಕ. ಹಾರುವ ಹಾವುಗಳು, ಮಾತಾಡುವ ಬೆಟ್ಟಗಳು ಇರುವ ಲೋಕ ಅವನದು. ಮೂರನೆಯ ಭಾಗ ಮುಗಿಯುವಾಗ ಅವನ ಹಡಗು ಬಿರುಗಾಳಿಗೆ ಸಿಕ್ಕಿತ್ತು. ಗಾಳಿಯ ದಿನ ಕಡಲಿಗೆ ಹೋಗಿದ್ದ ನನ್ನ ಗಂಡನ ದೋಣಿಗೆಂದು ಹಣ್ಣುಕಾಯಿ ಮಾಡಿಸಲು ಹೋದ ಅತ್ತೆ, ಅವನ ಹೆಸರಿನಲ್ಲೂ ಒಂದು ಮಾಡಿಸಲು ನಿಂತಿದ್ದರು!

“ಅತ್ತೆ, ಅದು ಬರೀ ಕತೆ ಅಲ್ವಾ?” ಎಂದೆ.

“ಕತೆ ಆದ್ರೆ ಎಂತ? ಗಾಳಿ ಗಾಳಿಯೇ ಅಲ್ವನೇ?”

ಅವನ ಆಕಾಶದಲ್ಲಿ ಚಂದ್ರರೇ ಇಬ್ಬರು. ಯಾವ ಚಂದ್ರನನ್ನು ನೋಡಿ ನಕ್ಷತ್ರ ಹೇಳಲಿ? ನಗು ತಡೆದುಕೊಂಡು ಗಂಡನ ನಕ್ಷತ್ರವನ್ನೇ ಹೇಳಿದೆ. “ಆತು” ಎಂದು ಅತ್ತೆ ಫೋನ್ ಇಟ್ಟರು.

ಇಂಥ ಮಾಲೆಗಳ ಸೆಳೆತವೆಲ್ಲ ಮೊದಲ ಪುಟದಲ್ಲಿರುವ ಆ ಲೋಕದ ನಕ್ಷೆಯಲ್ಲಿ, ಹಾರುವ ಹಾವುಗಳಲ್ಲಿ ಇದೆಯೆಂದು ನಾನು ನಂಬಿದ್ದೆ. ಅತ್ತೆಗೆ ಒಂದು ಹಾವೂ ನೆನಪಿಲ್ಲ; ಸೋಮಧೀರ ಹಡಗು ಹತ್ತಿದಾಗ ಅವನ ತಾಯಿ ದಡದಲ್ಲೇ ನಿಂತಿದ್ದಳಲ್ಲ, ಅದು ನೆನಪಿದೆ. ಅಂದು ಸಂಜೆ ನನ್ನ ಗಂಡ ದಡ ಸೇರಿದರು. ನಾಲ್ಕನೆಯ ಭಾಗ ಮಾತ್ರ ಕುಮಟಾದ ಅಂಗಡಿಗೆ ಇನ್ನೂ ಬಂದಿಲ್ಲ. ಹಾಗಾಗಿ ನಮ್ಮ ಮನೆಯವನೊಬ್ಬ ಈಗಲೂ ಕಡಲಲ್ಲೇ ಇದ್ದಾನೆ.