ಹೂವಿನ ಪರದೆಯ ಹಿಂದೆ

ರಕ್ಷಾ ಭದ್ರಾವತಿಯ ಹುಡುಗಿ. ದಿನಾ ಬಸ್ಸು ಹಿಡಿದು ಪಕ್ಕದೂರಿನ ದುರ್ಗಿಗುಡಿ ಬೀದಿಯ ಸ್ಟುಡಿಯೋಕ್ಕೆ ಬರುತ್ತಾಳೆ. ಮದುವೆ ವಿಡಿಯೋ ತೆಗೆಯುವವಳೂ ಅವಳೇ, ಎಡಿಟ್ ಮಾಡುವವಳೂ ಅವಳೇ. ಆದರೆ ಮದುಮಗಳು ಯಾವ ಕಡೆ ತಿರುಗಬೇಕೆಂದು ಹೇಳುವುದು ಸೋದರಮಾವ, ಯಾವ ಹಾಡು ಬೇಕೆಂದು ಹೇಳುವುದು ಗಂಡಿನ ಗೆಳೆಯರು, ಕೊನೆಗೆ ಪರದೆ ತುಂಬಾ ಗುಲಾಬಿ ಉದುರಿಸುವುದು ಮಾಲೀಕ ನಿರಂಜನ. ಕ್ಯಾಮೆರಾ ಹೊತ್ತವಳಿಗೆ ಏನು ಕಂಡಿತೆಂದು ಯಾರೂ ಕೇಳಿದ್ದಿಲ್ಲ.

ಲಿಖಿತಾಳ ಮದುವೆಯಲ್ಲಿ ಮಾತ್ರ ಅವಳು ಹದ್ದು ಮೀರಿದಳು. ಮುಯ್ಯಿ ಮಾಡಲು ನೆಂಟರು ಸಾಲಾಗಿ ವೇದಿಕೆ ಹತ್ತುತ್ತಿದ್ದರು. ಉಡುಗೊರೆ ಕೊಟ್ಟವರ ಮುಖ ಒಂದೂ ಬಿಡದೆ ವಿಡಿಯೋದಲ್ಲಿ ಇರಬೇಕು, ಅದು ಈ ಕಸುಬಿನ ಮೊದಲ ಪಾಠ. ಬ್ಯಾಟರಿ ಬದಲಿಸಲೆಂದು ಹೂವಿನ ಪರದೆಯ ಹಿಂದೆ ಹೋದರೆ, ಅಲ್ಲಿ ಹುಡುಗಿಯ ಅಪ್ಪ ಪುಟ್ಟಪ್ಪ ನಿಂತಿದ್ದರು. ಶಲ್ಯದಿಂದ ಕಣ್ಣೊರೆಸಿಕೊಂಡರು, ತುಟಿ ಅಗಲಿಸಿ ನಗು ಸರಿಮಾಡಿಕೊಂಡರು, ಮುಂದೆ ಹೋಗಿ ಫೋಟೋಕ್ಕೆ ನಿಂತರು. ಸ್ವಲ್ಪ ಹೊತ್ತಿಗೆ ಮತ್ತೆ ಹಿಂದೆ ಬಂದರು, ಮತ್ತೆ ಕಣ್ಣೊರೆಸಿಕೊಂಡರು. ರಕ್ಷಾ ಅಲ್ಲೇ ನಿಂತು ಅದನ್ನೇ ತೆಗೆದಳು. ಅತ್ತ ಅರ್ಧ ಸಾಲು ಮುಗಿದೇಹೋಗಿತ್ತು.

ಹಾಡಿಲ್ಲದೆ, ಕತ್ತರಿಯಿಲ್ಲದೆ ಆ ದೃಶ್ಯವನ್ನು ಹಾಗೇ ಇಟ್ಟಿದ್ದು ಕಂಡು ನಿರಂಜನ ತಲೆ ಚಚ್ಚಿಕೊಂಡ.

"ಮದ್ವೆಯೋ ತಿಥಿಯೋ ಇದು? ನೆಂಟ್ರೆಲ್ಲಿ ಮಾರಾಯ್ತಿ?"

"ಈ ಮದ್ವೆ ನಂಗೆ ಕಂಡಿದ್ದೇ ಹೀಗೆ ಸಾರ್."

"ಸರಿ, ನೀನೇ ಹೋಗಿ ತೋರ್ಸು. ಒಪ್ಪಿದ್ರೆ ನಿರ್ದೇಶನ ಅಂತ ನಿನ್ ಹೆಸ್ರೇ ಹಾಕೋಣ. ಬೇಡ ಅಂದ್ರೆ ಅದನ್ನ ಕಿತ್ತಾಕಿ ಹಾಡು ತುಂಬು."

ಭಾನುವಾರ ಭದ್ರಾವತಿಯಲ್ಲೇ ಇದ್ದ ಲಿಖಿತಾಳ ತವರುಮನೆಯಲ್ಲಿ ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿದ್ದಾಯಿತು. ಪುಟ್ಟಪ್ಪನವರ ಅಕ್ಕ ಕರಿಬಸಮ್ಮ ಕನ್ನಡಕ ಏರಿಸಿಕೊಂಡು ವಿಡಿಯೋದಲ್ಲಿ ತಾವೆಲ್ಲಿ ಎಂದು ಹುಡುಕುತ್ತಿದ್ದರು.

"ನಾನೆಲ್ಲೇ ಹುಡ್ಗಿ? ಉಂಗುರ ಹಾಕಿದ್ದು ನಾನಲ್ವಾ? ನಾನು ಮದ್ವೆಗೆ ಬಂದೇ ಇಲ್ವಾ?"

"ಸ್ವಲ್ಪ ಸುಮ್ನಿರತ್ತೆ," ಎಂದಳು ತವರಿಗೆ ಬಂದಿದ್ದ ಲಿಖಿತಾ.

ಅಷ್ಟರಲ್ಲಿ ಪರದೆಯ ಹಿಂದಿನ ಪುಟ್ಟಪ್ಪ ಟೀವಿಯಲ್ಲಿ ಕಾಣಿಸಿಕೊಂಡರು. ಕುರ್ಚಿಯಲ್ಲಿದ್ದ ಪುಟ್ಟಪ್ಪ ಎದ್ದೇಬಿಟ್ಟರು.

"ಇದನ್ಯಾಕಮ್ಮ ತೆಗ್ದೆ? ನಾಲ್ಕು ಜನ ನೋಡೋದಲ್ವಾ?"

ರಕ್ಷಾ ರಿಮೋಟಿನಿಂದ ವಿಡಿಯೋ ನಿಲ್ಲಿಸಿದಳು. "ನೀವು ಬೇಡ ಅಂದ್ರೆ ಕಿತ್ತಾಕ್ತೀನಿ ಅಂಕಲ್. ಆದ್ರೆ ಅಷ್ಟು ಜನ್ರಲ್ಲಿ ನಾನು ನೋಡಿದ್ದು ನಿಮ್ಮನ್ನೇ."

ಲಿಖಿತಾ ಅಪ್ಪನತ್ತ ತಿರುಗಿದಳು: "ಅವತ್ತು ನೀನು ನಗ್ತಾನೇ ಇದ್ದೆ ಅಪ್ಪ. ನಾನು ಹೋಗ್ತಿರೋದು ಅಪ್ಪಂಗೆ ಏನೂ ಅನ್ನಿಸ್ತಿಲ್ಲ ಅಂದ್ಕೊಂಡು ಕಾರಲ್ಲಿ ಎಷ್ಟು ಅತ್ಬಿಟ್ಟೆ ಗೊತ್ತಾ?"

ಪುಟ್ಟಪ್ಪ ಮಗಳ ಪಕ್ಕ ಬಂದು ಕುಳಿತರು. ಈಗ ಶಲ್ಯ ಇರಲಿಲ್ಲ. ಕರಿಬಸಮ್ಮ ತಮ್ಮ ಸೆರಗನ್ನೇ ಹಿಡಿದು ತಮ್ಮನ ಮುಖ ಒರೆಸಿದರು. "ಅವತ್ತೇ ನನ್ನ ಕರೀಬಾರ್ದಿತ್ತಾ ಕಣೋ? ನಾನೂ ಬಂದು ಹಿಂದೇನೇ ನಿಂತ್ಕೋತಿದ್ದೆ."

"ಇರ್ಲಿ ಬಿಡಮ್ಮ, ಹಾಗೇ ಇರ್ಲಿ," ಎಂದರು ಪುಟ್ಟಪ್ಪ ರಕ್ಷಾಳಿಗೆ, ಸೆರಗಿನೊಳಗಿಂದಲೇ.

ರಕ್ಷಾಳ ಕೈ ಅಷ್ಟರಲ್ಲಾಗಲೇ ಕ್ಯಾಮೆರಾ ಚೀಲದೊಳಗಿತ್ತು.

ಸಂಜೆ ಮನೆ ದಾರಿಯಲ್ಲಿದ್ದಾಗ ನಿರಂಜನನ ಫೋನು ಬಂತು. "ಏನಂದ್ರು? ಕಿತ್ತಾಕ್ಬೇಕಾ?"

"ಇಲ್ಲ ಸಾರ್. ಇನ್ನೊಂದು ಶಾಟ್ ಸೇರಿಸ್ಬೇಕು. ಪುಟ್ಟಪ್ಪನವ್ರ ಅಕ್ಕ ಸೆರಗಲ್ಲಿ ತಮ್ಮನ ಮುಖ ಒರೆಸಿದ್ದು, ಇವತ್ತು ತೆಗ್ದಿದ್ದು."

"ಯಾರು ಹೇಳಿದ್ರು ಸೇರ್ಸು ಅಂತ?"

"ನಾನೇ," ಎಂದಳು ರಕ್ಷಾ.